ಹಾರದ ಗುಂಡು

ಅರ್ಜಿ ಬರೆದುಕೊಡುವುದು ನಿವೃತ್ತ ಮೇಷ್ಟರ ಹಣೆಯಲ್ಲೇ ಬರೆದಿರುವ ಕೆಲಸ. ಬಳ್ಳಾರಿಯಲ್ಲಿ ನಾನು ಶಾಲೆಯಿಂದ ಬಿಡುಗಡೆ ಹೊಂದಿದ ಮೇಲೆ ನಲ್ಲಿಯ ನೀರಿಗೆ, ಖಾತೆ ಬದಲಾವಣೆಗೆ, ತಪ್ಪಿ ಬಂದ ಕರೆಂಟು ಬಿಲ್ಲಿಗೆ, ತಿರುಗದ ಮಿಕ್ಸಿಗೆ, ಹೀಗೆ ನೆಂಟರಿಷ್ಟರ ಪರವಾಗಿ ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ. ಕಾಗದ ನನ್ನದು, ಭಾಷೆ ನನ್ನದು. ಸಿಟ್ಟು ಮಾತ್ರ ಅವರದು. ಇನ್ನೊಬ್ಬರ ಸಿಟ್ಟನ್ನು ಮರ್ಯಾದೆಯ ಮಾತಿನಲ್ಲಿ ಹೇಳುವುದೂ ಒಂದು ವಿದ್ಯೆ. ನನಗೆ ಅದು ಒಲಿದಿದೆಯೆಂದೇ ತಿಳಿದುಕೊಂಡಿದ್ದೆ. ಆದರೆ ಒಂದು ಅರ್ಜಿ ಮಾತ್ರ ಅರ್ಧಕ್ಕೇ ನಿಂತುಹೋಯಿತು. ನಿಂತದ್ದು ಒಂದೇ ಒಂದು ಕ್ರಿಯಾಪದ ಸಿಕ್ಕದೆ.

ಅರ್ಜಿ ಬರೆಸಲು ಬಂದವರು ಸಿರುಗುಪ್ಪದಲ್ಲಿರುವ ನನ್ನ ಷಡ್ಡಕರು. ಅಲ್ಲಿ ಅವರದೊಂದು ಅಕ್ಕಿ ಗಿರಣಿ. ತುಂಗಭದ್ರೆಯ ಕಾಲುವೆಯ ಕೆಳಗೆ ಒಂದಿಷ್ಟು ಗದ್ದೆ. ವ್ಯಾಪಾರದ ಹಣ ಹಿಡಿದು ಹೊತ್ತಲ್ಲದ ಹೊತ್ತಿನಲ್ಲಿ ಬಳ್ಳಾರಿಗೂ ಸಿರುಗುಪ್ಪಕ್ಕೂ ಓಡಾಡುವವರು. ದಾರಿ ಐವತ್ತು ಕಿಲೋಮೀಟರಿಗೂ ಮೇಲು; ನಡುವೆ ಎರೆಹೊಲಗಳ ಬಯಲು. ಅವರನ್ನು ಆ ದಾರಿಯಲ್ಲಿ ಯಾರೂ ಎಂದೂ ಅಡ್ಡಗಟ್ಟಿದ್ದಿಲ್ಲ. ಆದರೂ ಮನಸ್ಸಿನಲ್ಲಿ ಭಯ ಹೊಕ್ಕಿತು. ಭಯಕ್ಕೆ ಕಾರಣವೇ ಬೇಕೆಂದಿಲ್ಲ. ಕಳೆದುಕೊಳ್ಳುವುದಕ್ಕೆ ಏನಾದರೂ ಇದ್ದರೆ ಸಾಕು. ಜಿಲ್ಲಾಧಿಕಾರಿಗಳಿಗೆ ಅರ್ಜಿ ಹಾಕಿ, ಅದನ್ನೂ ಬರೆದವನು ನಾನೇ, ಪೊಲೀಸರ ವಿಚಾರಣೆ ಮುಗಿಸಿ, ಪರವಾನಗಿ ಪಡೆದು, 2024ರಲ್ಲಿ ಒಂದು ಹೊಸ ರಿವಾಲ್ವರ್ ಕೊಂಡರು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಪಾಯಿಂಟ್ ಇಪ್ಪತ್ತೆರಡರ ನಳಿಗೆ, ಎಂಟು ಗುಂಡು ಹಿಡಿಯುವ ಉರುಳೆ. ಆ ಸಲದ ಮಹಾನವಮಿಯಲ್ಲಿ ಗಿರಣಿಯ ಯಂತ್ರ, ಲಾರಿ, ತಕ್ಕಡಿ, ಲೆಕ್ಕದ ಪುಸ್ತಕ ಇವುಗಳ ಸಾಲಿನಲ್ಲಿ ಅದಕ್ಕೂ ಕುಂಕುಮ ಬಿತ್ತು, ಸೇವಂತಿಗೆ ಹೂವು ಏರಿತು.

ಹಬ್ಬ ಕಳೆದು ಎರಡು ತಿಂಗಳಿಗೆ ಅದನ್ನು ಒಂದು ರೈಫಲ್ ಸಂಘದ ಗುರಿಮೈದಾನದಲ್ಲಿ ಪರೀಕ್ಷಿಸಿ ನೋಡಿದರು. ನನ್ನನ್ನೂ ಜೊತೆಗೆ ಕರೆದೊಯ್ದಿದ್ದರು. ಮೊದಲನೆಯ ಗುಂಡು ಹಾರಿತು, ಎರಡನೆಯದೂ ಹಾರಿತು. ಮೂರನೆಯದಕ್ಕೆ ‘ಟಕ್’ ಎಂಬ ಸಣ್ಣ ಸದ್ದು, ಮತ್ತೇನೂ ಇಲ್ಲ. ಏನಾಯಿತೆಂದು ನೋಡಲು ಷಡ್ಡಕರು ನಳಿಗೆಯನ್ನು ತಮ್ಮ ಮುಖದ ಕಡೆಗೇ ತಿರುಗಿಸಹೊರಟರು. ಮೈದಾನವನ್ನು ನೋಡಿಕೊಳ್ಳುತ್ತಿದ್ದ ಮಾಜಿ ಸೈನಿಕರೊಬ್ಬರು ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು, “ಹಂಗೇ ಇರ್ರಿ. ಗುರಿ ಕಡೆಗೇ ಹಿಡಿದು ಮೂವತ್ತು ಎಣಿಸ್ರಿ” ಎಂದರು. ಹಾರದ ಗುಂಡೆಲ್ಲ ಸತ್ತ ಗುಂಡಲ್ಲವಂತೆ. ಕೆಲವೊಮ್ಮೆ ಒಳಗಿನ ಕಿಡಿ ತಡವಾಗಿ ಹತ್ತಿ, ಆಮೇಲೆ ಸಿಡಿಯುವುದುಂಟು. ಆದುದರಿಂದ ಕಾಯಬೇಕು. ನಾವು ಮೂವರೂ ಮೂವತ್ತರವರೆಗೆ ಎಣಿಸಿದೆವು. ಮಕ್ಕಳಿಗೆ ಮಗ್ಗಿ ಹೇಳಿಸಿಯೇ ಆಯುಸ್ಸು ಕಳೆದ ನನಗೆ ಮೂವತ್ತು ಅಷ್ಟು ದೊಡ್ಡ ಸಂಖ್ಯೆಯೆಂದು ತಿಳಿದದ್ದು ಅಂದೇ.

ಎಂಟರಲ್ಲಿ ಮೂರು ಹಾರಲಿಲ್ಲ. ಮನೆಗೆ ಬಂದು ಕಾಫಿ ಮುಟ್ಟುವ ಮೊದಲೇ ಷಡ್ಡಕರು, “ಅಣ್ಣಾವ್ರೆ, ಕಂಪನಿಗೆ ಒಂದು ಖಡಕ್ ಅರ್ಜಿ ಬರೀರಿ. ಹೊಸಾ ಮಾಲು, ಇಷ್ಟು ರೊಕ್ಕ ಸುರಿದೀನಿ” ಎಂದರು. ನಾನು ಕುಳಿತೆ. ‘ತಮ್ಮಲ್ಲಿ ತಯಾರಾದ ಸದರಿ ರಿವಾಲ್ವರು ಅಗತ್ಯ ಬಿದ್ದ ಸಮಯದಲ್ಲಿ’ ಎಂಬಲ್ಲಿಗೆ ಬಂದೆ. ಮುಂದೇನು? ಪಂಪ್‌ಸೆಟ್ಟಾದರೆ ‘ನೀರೆತ್ತುವುದಿಲ್ಲ’, ಮಿಕ್ಸಿಯಾದರೆ ‘ರುಬ್ಬುವುದಿಲ್ಲ’. ಇದಕ್ಕೆ ‘ಕೆಲಸ ಮಾಡುವುದಿಲ್ಲ’ ಎಂದು ಬರೆದೆ, ಬರೆದು ಹೊಡೆದುಹಾಕಿದೆ. ಯಾವ ಕೆಲಸ? ‘ರಕ್ಷಿಸುವುದಿಲ್ಲ’ ಎಂದು ಬರೆದೆ. ಅದೂ ಪೂರ್ತಿ ನಿಜವಾಗಿ ತೋರಲಿಲ್ಲ. ರಕ್ಷಣೆ ಅದರಿಂದ ಬರುವ ಫಲವಿದ್ದೀತು; ಆ ಉಕ್ಕಿನ ತುಂಡು ಮಾಡುವ ಕೆಲಸ ಅದಲ್ಲ. ಉಳಿದದ್ದು ಒಂದೇ ಕ್ರಿಯಾಪದ. ಅದನ್ನು ಬರೆದರೆ, ‘ಅಗತ್ಯ ಬಿದ್ದಾಗ ಇದು ಮನುಷ್ಯನನ್ನು ಕೊಲ್ಲುವುದಿಲ್ಲ’ ಎಂಬುದು ನಮ್ಮ ದೂರಾಗುತ್ತದೆ. ಆ ದೂರಿಗೆ ನನ್ನ ಅಕ್ಷರ, ನನ್ನ ಷಡ್ಡಕರ ರುಜು! “ನಾಳೆ ನೋಡೋಣ” ಎಂದು ಲೇಖನಿ ಕೆಳಗಿಟ್ಟೆ.

ಯಂತ್ರ ಕೆಡುವುದು ಕೇಡು ಎಂಬ ಮಾತಿನಲ್ಲಿ ಅಲ್ಲಿಯವರೆಗೆ ನನಗೆ ಸಂಶಯವೇ ಬಂದಿರಲಿಲ್ಲ. ಅದೇ ವರ್ಷದ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಬಾಗಿಲು, ಅದನ್ನು ಹಿಡಿದಿದ್ದ ಸರಪಳಿ ಕಡಿದು, ಹೊಳೆಯ ಪಾಲಾಗಿತ್ತು. 1953ರಲ್ಲಿ ಮುಗಿದ ಅಣೆಕಟ್ಟು. ಎಪ್ಪತ್ತು ವರ್ಷ ನಮ್ಮ ಸೀಮೆ ಅದನ್ನು ನಂಬಿ ಉತ್ತು ಬಿತ್ತಿದೆ. ತಾತ್ಕಾಲಿಕ ತಡೆಗಳನ್ನು ಇಳಿಸಿ ನೀರು ನಿಲ್ಲಿಸುವವರೆಗಿನ ಆ ಒಂದು ವಾರ ಸಿರುಗುಪ್ಪದ ರೈತರಿಗೆ ನಿದ್ದೆಯಿಲ್ಲ. ಬಾಗಿಲಿನ ಕೆಲಸ ಇಂಥದೆಂದು ಎಲ್ಲರಿಗೂ ಗೊತ್ತು; ಅದು ಕೆಟ್ಟಾಗ ದುಃಖಪಡದವರು ಯಾರೂ ಇರಲಿಲ್ಲ. ರಿವಾಲ್ವರಿನ ವಿಷಯ ಹಾಗಲ್ಲ. ಕೊಂಡವನೇ ‘ಇದನ್ನು ಬಳಸುವ ಕಾಲ ಬಾರದಿರಲಿ’ ಎಂದು ಕೈಮುಗಿಯುತ್ತಾನೆ. ಬಳಸಿದರೆ ಮಾತ್ರ ತಪ್ಪದೆ ಹಾರಲಿ ಎಂದೂ ಬಯಸುತ್ತಾನೆ. ಹೀಗೆ ಎರಡನ್ನೂ ಬಯಸುವವನ ಆಯುಧ ಕೆಟ್ಟರೆ ಅವನಿಗೆ ಆದದ್ದು ನಷ್ಟವೋ ಲಾಭವೋ? ಅಂದು ರಾತ್ರಿ ನನಗೆ ನಿದ್ದೆ ಬಾರದಂತೆ ಮಾಡಿದ ಪ್ರಶ್ನೆ ಇದು.

ದೋಷವೇನೆಂಬುದು ಮಾತ್ರ ಮೈದಾನದಲ್ಲಿಯೇ ಅರ್ಧ ಗೊತ್ತಾಗಿತ್ತು. ಈ ಬಗೆಯ ಕಾಡತೂಸಿಗೆ ರಿಮ್‌ಫೈರ್ ಎಂದು ಹೆಸರು. ದೊಡ್ಡ ಬಂದೂಕಿನ ಕಾಡತೂಸಿನಲ್ಲಿ ಕಿಡಿಮದ್ದು ಹಿಂಬದಿಯ ನಟ್ಟನಡುವೆ ಒಂದು ಪುಟ್ಟ ಬಟ್ಟಲಿನಲ್ಲಿರುತ್ತದೆ. ಇದರಲ್ಲಿ ಹಾಗಲ್ಲ, ತೆಳುವಾದ ಹಿತ್ತಾಳೆಯ ಕೋಶದ ಅಂಚು ಸುತ್ತಲೂ ಮಡಿಸಿದಂತಿದ್ದು, ಆ ಮಡಿಕೆಯೊಳಗೇ ಮದ್ದನ್ನು ಸವರಿರುತ್ತಾರೆ. ಮೊಳೆ ಬಂದು ಅಂಚನ್ನು ಹೊಡೆದು ಜಜ್ಜಿದರೆ ಕಿಡಿ. 1845ರಲ್ಲಿ ಫ್ರಾನ್ಸಿನ ಫ್ಲೋಬೆರ್ ಎಂಬವನು ಮನೆಯೊಳಗಿನ ಗುರಿಯಾಟಕ್ಕೆಂದು ಹೂಡಿದ ಉಪಾಯ; 1857ರಲ್ಲಿ ಅಮೆರಿಕದ ಸ್ಮಿತ್ ಮತ್ತು ವೆಸನ್ನರು ಅದನ್ನು ಬೆಳೆಸಿ ರಿವಾಲ್ವರಿಗೆ ತಂದರು. ಅಗ್ಗ, ಹಗುರ, ಸದ್ದು ಕಡಿಮೆ. ಆದರೆ ಅಂಚಿನಲ್ಲಿ ಮದ್ದು ಎಲ್ಲಾದರೂ ತೆಳುವಾಗಿದ್ದರೆ ಅಲ್ಲಿ ಬಿದ್ದ ಏಟು ವ್ಯರ್ಥ. ಆದ್ದರಿಂದ ಮಾಜಿ ಸೈನಿಕರು ಮೊದಲು ಕಾಡತೂಸನ್ನು ಶಂಕಿಸಿದರು. ಬೇರೆ ಪೆಟ್ಟಿಗೆ ಒಡೆದು ಹಾಕಿದರು. ಆಗಲೂ ಮೂರು ಹಾರಲಿಲ್ಲ. ಆಮೇಲೆ ಉರುಳೆಯ ಎಂಟು ಗೂಡುಗಳಿಗೆ ಸೀಮೆಸುಣ್ಣದಿಂದ ಗುರುತು ಮಾಡಿದರು. ಪ್ರತಿಸಲವೂ ಕೈಕೊಟ್ಟದ್ದು ಅವೇ ಮೂರು ಗೂಡುಗಳು. ಅಲ್ಲಿ ಇನ್ನೂ ಒಂದು ವಿಚಿತ್ರ ಕಂಡಿತು: ಮೊದಲ ಏಟಿಗೆ ಹಾರದ ಕಾಡತೂಸು, ಕಾದು ಎರಡನೆಯ ಸಲ ಹೊಡೆದರೆ ಹಾರುತ್ತಿತ್ತು. “ಕಾಡತೂಸು ಗೂಡಿನಾಗ ಪೂರ್ತಿ ಕುಂದರವಲ್ದು. ಮೊದಲ್ನೇ ಏಟು ಅದನ್ನ ಒಳಗ ತಳ್ಳಾಕ ಹೋಗ್ತೈತಿ, ಎರಡ್ನೇದು ಹಾರಸ್ತೈತಿ” ಎಂದರು. ಏಕೆ ಕೂರುತ್ತಿಲ್ಲವೆಂಬುದನ್ನು ತಿಳಿದವರಿಗೆ ತೋರಿಸಿ ಎಂದೂ ಹೇಳಿದರು.

ಷಡ್ಡಕರು ಊರಿಗೆ ಹಿಂದಿರುಗುವಾಗ ಕುರುಗೋಡಿನ ಕಡೆಗೆ ಸುತ್ತುಹಾಕಿ ಹೋದರು. ಕಾರಿನಲ್ಲಿ ನಾನೂ ಇದ್ದೆ. ಕುರುಗೋಡು ಹಳೆಯ ಊರು, ಸಿಂದರು ಆಳಿದ್ದು. ದೊಡ್ಡ ಬಸವೇಶ್ವರನ ಗುಡಿಯಲ್ಲಿ ಒಂದೇ ಕಲ್ಲಿನ ಮಹಾನಂದಿ ಕಾಲು ಮಡಿಸಿ ಕುಳಿತಿದೆ. ಅಷ್ಟು ಬಲವಿದ್ದೂ ಅಷ್ಟು ಸಮಾಧಾನವಾಗಿ ಕೂರುವುದು ಹೇಗೆಂಬುದನ್ನು ನೋಡಬೇಕಾದರೆ ಅಲ್ಲಿಗೆ ಹೋಗಬೇಕು. ಆ ಊರಿನಲ್ಲಿ ಷಡ್ಡಕರ ಪಂಪ್‌ಸೆಟ್ಟು, ಟ್ರ್ಯಾಕ್ಟರುಗಳನ್ನು ರಿಪೇರಿ ಮಾಡುವ ಲೇತಿನ ಅಂಗಡಿಯವರೊಬ್ಬರಿದ್ದಾರೆ. ಕಬ್ಬಿಣ ಅವರ ಕೈಗೆ ಮಾತಾಡುತ್ತದೆಂದು ಆ ಕಡೆಯ ಜನ ಹೇಳುತ್ತಾರೆ. ಷಡ್ಡಕರು ಗುಂಡುಗಳನ್ನೆಲ್ಲ ತೆಗೆದು, ಉರುಳೆಯನ್ನು ಹೊರಳಿಸಿ, ತಮ್ಮ ಕೈಯಲ್ಲೇ ಹಿಡಿದು ತೋರಿಸಿದರು. ಅವರು ಕನ್ನಡಕ ಏರಿಸಿ, ಒಂದು ಗೂಡಿನ ಬಾಯಂಚಿನ ಮೇಲೆ ಉಗುರು ಆಡಿಸಿ, ತಲೆಯೆತ್ತದೆ ಕೇಳಿದರು:

“ಸಾವ್ಕಾರ್ರೆ, ಇದನ್ನ ಖಾಲಿ ಎಷ್ಟು ಸಾರಿ ಹೊಡೆದೀರಿ?”

ಷಡ್ಡಕರ ಮುಖ ಕೆಂಪಾಯಿತು. ಆಮೇಲೆ ಒಂದೊಂದಾಗಿ ಹೊರಬಂತು. ಕೊಂಡ ದಿನದಿಂದ ಪ್ರತಿರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಹಜಾರದಲ್ಲಿ ಕುಳಿತು ಮುಂಬಾಗಿಲಿಗೆ ಗುರಿಯಿಟ್ಟು ಖಾಲಿ ರಿವಾಲ್ವರನ್ನು ಹೊಡೆಯುತ್ತಿದ್ದರು. ಕೈ ಪಳಗಲಿ ಎಂದು. ಬಾಗಿಲಿನಲ್ಲಿ ಅವರಿಗೆ ಒಮ್ಮೆ ಕಳ್ಳ ಕಾಣುತ್ತಿದ್ದ. ಒಮ್ಮೆ ಬಾಕಿ ಕೊಡದ ವ್ಯಾಪಾರಿ. ಒಮ್ಮೆ ನೀರು ತಿರುಗಿಸಿಕೊಳ್ಳುವ ನೆರೆಹೊಲದವನು. ಕಾಡತೂಸು ಇದ್ದರೆ ಮೊಳೆ ಮೆತ್ತನೆಯ ಹಿತ್ತಾಳೆಯನ್ನು ಹೊಡೆದು ನಿಲ್ಲುತ್ತದೆ. ಇಲ್ಲದಿದ್ದರೆ ಅವರ ರಿವಾಲ್ವರಿನಂಥದರಲ್ಲಿ ಆ ಏಟು ನೇರವಾಗಿ ಗೂಡಿನ ಉಕ್ಕಿನ ಅಂಚಿಗೇ ಬೀಳುತ್ತದೆ. ಎರಡು ತಿಂಗಳ ಖಾಲಿ ಏಟುಗಳಿಗೆ ಮೂರು ಗೂಡುಗಳ ಅಂಚು ಜಜ್ಜಿ, ಒಳಮುಖವಾಗಿ ಸಣ್ಣ ಮುಳ್ಳಿನಂತೆ ಎದ್ದಿತ್ತು. ಕಾಡತೂಸನ್ನು ತಡೆಯುತ್ತಿದ್ದದ್ದು ಆ ಮುಳ್ಳು. ಖಾಲಿ ಹೊಡೆಯಬಾರದೆಂದು ಜೊತೆಗೆ ಬಂದ ಪುಸ್ತಿಕೆಯಲ್ಲಿ ಮೊದಲನೆಯ ಪುಟದಲ್ಲೇ ಅಚ್ಚಾಗಿತ್ತು. ಅದನ್ನು ಯಾರೂ ಓದಿರಲಿಲ್ಲ. ನನ್ನ ಅರ್ಜಿಗೆ ಅಲ್ಲಿಗೆ ಮಂಗಳವಾಯಿತು.

“ಅರ ಹಿಡಿದ್ರೆ ಎರಡು ನಿಮಿಷದ ಕೆಲ್ಸ” ಎಂದರು ಲೇತಿನವರು. ಷಡ್ಡಕರು ಉಲ್ಲಾಸದಿಂದ, “ಹಂಗಾದ್ರೆ ಹಿಡೀರಿ ಮತ್ತೆ” ಎಂದರು. ಅವರು ಕನ್ನಡಕ ತೆಗೆದರು.

“ನಾ ಮುಟ್ಟಂಗಿಲ್ರಿ. ಲೈಸೆನ್ಸ್ ಇದ್ದೋರೇ ಮಾಡ್ಬೇಕು. ಅದೂ ಅಲ್ದೆ, ಪಂಪ್‌ಸೆಟ್ಟಿನಾಗ ನಾ ತಪ್ಪು ಮಾಡಿದ್ರೆ ನೀವು ಬಂದು ಬೈತೀರಿ, ನಾ ಮತ್ತೆ ಬಿಚ್ತೀನಿ. ಇದ್ರಾಗ ತಪ್ಪಿದ್ರೆ ಬೈಯಾಕ ಯಾರಿರ್ತಾರೆ?”

ಕಾನೂನೂ ಹಾಗೆಯೇ ಇದೆ. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಬಂದೂಕು ಮಾರುವವನಿಗೆ ಮಾತ್ರವಲ್ಲ, ರಿಪೇರಿ ಮಾಡುವವನಿಗೂ ಪರವಾನಗಿ ಬೇಕು. ಮಾಡಬಲ್ಲ ಕೆಲಸವನ್ನು, ಹಣ ಬರುವ ಕೆಲಸವನ್ನು, ಮಾಡೆನೆಂದವರ ಅಂಗಡಿಯಿಂದ ನಾವು ಹೊರಬಂದೆವು. ಬಳ್ಳಾರಿಗೆ ಮರಳಿ, ಪರವಾನಗಿಯುಳ್ಳ ಅಂಗಡಿಯೊಂದರಲ್ಲಿ ರಿವಾಲ್ವರನ್ನು ಒಪ್ಪಿಸಿ ರಶೀದಿ ಪಡೆದದ್ದಾಯಿತು.

ಅದು ಅಲ್ಲಿದ್ದಾಗಲೇ ಆ ರಾತ್ರಿ ಬಂತು. ಬೇಸಗೆಯ ಬೆಳೆ ತೆನೆಗಟ್ಟುವ ಸಮಯ. ಕಾಲುವೆಯ ಕೊನೆಯ ಭಾಗದವರಿಗೆ ನೀರೆಂದರೆ ಪ್ರಾಣ. ಷಡ್ಡಕರ ಸರದಿಯ ನೀರನ್ನು ಯಾರೋ ನಡುರಾತ್ರಿ ತೂಬಿನಲ್ಲಿ ತಿರುಗಿಸುತ್ತಿದ್ದಾರೆಂದು ಆಳು ಓಡಿಬಂದು ಹೇಳಿದ. ಮುಂದಿನದನ್ನು ಅವರ ಮಾತಿನಲ್ಲೇ ಹೇಳುತ್ತೇನೆ. “ಅಣ್ಣಾವ್ರೆ, ಎದ್ದ ಕೂಡ್ಲೆ ಕೈ ಬೀರುವಿಗೆ ಹೋತು. ನಾ ಕಳಿಸಿದ್ದಲ್ಲ, ತಾನೇ ಹೋತು. ಅಲ್ಲಿ ಏನಿತ್ತು? ಅಂಗಡಿಯವರ ರಶೀದಿ.” ರಶೀದಿ ನೋಡಿ ಒಂದು ಗಳಿಗೆ ನಿಂತರಂತೆ. ಆಮೇಲೆ ಟಾರ್ಚು, ಕೋಲು ಹಿಡಿದು ಹೋದರು. ತೂಬಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದವನು ನೆರೆಹೊಲದವನ ಮಗ, ಇನ್ನೂ ಮೀಸೆ ಚಿಗುರದ ಹುಡುಗ. ಬೈಗುಳವಾಯಿತು, ಕೂಗಾಟವಾಯಿತು, ಹುಡುಗನ ತಂದೆ ಬಂದ, ಅವನೂ ಕೂಗಾಡಿದ. ಬೆಳಗಿನ ಜಾವದ ಹೊತ್ತಿಗೆ ಎರಡು ತಾಸು ಅವರಿಗೆ, ಮಿಕ್ಕದ್ದು ಇವರಿಗೆ ಎಂದು ತೀರ್ಮಾನವಾಗಿ, ಬದುವಿನ ಮೇಲೇ ಕುಳಿತು ಚಹ ಕುಡಿದರಂತೆ.

“ಅದು ಮನಿಯಾಗ ಇದ್ದಿದ್ರೆ?” ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು: “ಇದ್ದಿದ್ರೂ ಏನೂ ಆಗ್ತಿದ್ದಿಲ್ಲ. ನೂರಕ್ಕೆ ತೊಂಬತ್ತೈದು ಪಾಲು ಏನೂ ಆಗ್ತಿದ್ದಿಲ್ಲ.” ಉಳಿದ ಐದರ ಮಾತನ್ನು ಇಬ್ಬರೂ ಎತ್ತಲಿಲ್ಲ.

ಈ ಕಥೆಯನ್ನು ಕೇಳಿದ ನನ್ನ ಮಿತ್ರರೊಬ್ಬರು, “ನೋಡಿ, ಕೆಟ್ಟ ರಿವಾಲ್ವರೇ ಒಳ್ಳೆಯ ರಿವಾಲ್ವರು” ಎಂದು ತೀರ್ಪು ಕೊಟ್ಟುಬಿಟ್ಟರು. ಮಾತು ಚೆನ್ನಾಗಿದೆ, ನಿಜವೆಂದು ನನಗೆ ತೋರುವುದಿಲ್ಲ. ಚರಿತ್ರೆಯಲ್ಲಿ ಎರಡು ಜನವರಿ ಮೂವತ್ತುಗಳಿವೆ. 1835ರ ಜನವರಿ 30ರಂದು ಅಮೆರಿಕದ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ನನ ಮೇಲೆ ಒಬ್ಬ ಮನೆಗೆ ಬಣ್ಣ ಬಳಿಯುವವನು ಪಿಸ್ತೂಲು ಹೊಡೆದ; ಅದು ಹಾರಲಿಲ್ಲ. ಎರಡನೆಯ ಪಿಸ್ತೂಲು ತೆಗೆದು ಹೊಡೆದ, ಅದೂ ಹಾರಲಿಲ್ಲ. ಮುದುಕ ಜಾಕ್ಸನ್ ಕೈಯ ಬೆತ್ತವೆತ್ತಿ ಅವನ ಮೇಲೇ ಏರಿಹೋದ. ಆಮೇಲೆ ಪರೀಕ್ಷಿಸಿದಾಗ ಎರಡೂ ಪಿಸ್ತೂಲುಗಳು ಸರಿಯಾಗಿ ಹಾರಿದುವು. ಇನ್ನೊಂದು 1948ರ ಜನವರಿ 30. ಅಂದು ದಿಲ್ಲಿಯಲ್ಲಿ ಪ್ರಾರ್ಥನೆಗೆ ನಡೆದು ಹೋಗುತ್ತಿದ್ದ ಮುದುಕರೊಬ್ಬರ ಎದುರಿಗೆ ಹಿಡಿದ ಪಿಸ್ತೂಲಿನಲ್ಲಿ ಯಾವ ದೋಷವೂ ಇರಲಿಲ್ಲ; ಮೂರಕ್ಕೆ ಮೂರು ಗುಂಡೂ ಹಾರಿದುವು. ಒಂದು ದಿನ ಕೈಕೊಟ್ಟದ್ದು, ಇನ್ನೊಂದು ದಿನ ಕೈಕೊಡದೆ ಹೋದದ್ದು. ಇದರಲ್ಲಿ ಪಿಸ್ತೂಲುಗಳ ಪುಣ್ಯಪಾಪವೇನು? ಚಿಕ್ಕದೆಂದು ಹಗುರಾಗಿ ಕಾಣುವಂತೆಯೂ ಇಲ್ಲ. 1968ರ ಜೂನಿನಲ್ಲಿ ಲಾಸ್ ಏಂಜಲೀಸಿನಲ್ಲಿ ರಾಬರ್ಟ್ ಕೆನೆಡಿಯ ಪ್ರಾಣ ತೆಗೆದದ್ದು ನಮ್ಮ ಷಡ್ಡಕರದರಂತೆಯೇ ಪಾಯಿಂಟ್ ಇಪ್ಪತ್ತೆರಡರ, ಎಂಟು ಗುಂಡಿನ ರಿವಾಲ್ವರು.

ಹಾರದ ಪಿಸ್ತೂಲು ಅಹಿಂಸಾವ್ರತ ಹಿಡಿದದ್ದಲ್ಲ. ಅದು ಕೆಟ್ಟ ಯಂತ್ರ, ಅಷ್ಟೆ. ಇಂದು ಹಾರಬೇಕಾದಾಗ ಹಾರದ್ದು ನಾಳೆ ಹಾರಬಾರದಾಗ ಹಾರೀತು. ಮೈದಾನದಲ್ಲಿ ನಾವು ಮೂವತ್ತು ಎಣಿಸಿದ್ದು ಆ ಭಯಕ್ಕೇ. 1920ರಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಖಡ್ಗದ ಸಿದ್ಧಾಂತವನ್ನು ಕುರಿತು ಬರೆಯುತ್ತ ಗಾಂಧೀಜಿಯವರೂ ಈ ಭೇದವನ್ನು ಬಿಡಿಸಿ ತೋರಿಸಿದರು: ದಂಡಿಸುವ ಬಲವಿದ್ದವನು ತಡೆದುಕೊಂಡರೆ ಮಾತ್ರ ಅದು ಕ್ಷಮೆ. ಬಲವಿಲ್ಲದೆ ಸುಮ್ಮನಾದದ್ದಕ್ಕೆ ಆ ಹೆಸರು ಸಲ್ಲದು. ಆ ರಾತ್ರಿ ಸಿರುಗುಪ್ಪದ ತೂಬಿನಲ್ಲಿ ಯಾರ ರಕ್ತವೂ ಹರಿಯಲಿಲ್ಲವೆಂದರೆ ಅದಕ್ಕೆ ನನ್ನ ಷಡ್ಡಕರ ಶಾಂತಿ ಕಾರಣವೆನ್ನುವಂತಿಲ್ಲ. ಅವರೂ ಹಾಗೆನ್ನುವುದಿಲ್ಲ. ಕಾರಣ ಅಂಗಡಿಯವರ ರಶೀದಿ. ಅದು ಕೊಟ್ಟ ಒಂದು ಗಳಿಗೆಯ ಬಿಡುವು.

ಆದರೆ ನನ್ನನ್ನು ಹೆಚ್ಚು ಕಾಡುವುದು ಆ ಖಾಲಿ ಏಟುಗಳು. ಅಷ್ಟು ರಾತ್ರಿ ಮುಂಬಾಗಿಲಿನಲ್ಲಿ ಯಾರೂ ಇರಲಿಲ್ಲ, ಯಾರಿಗೂ ಏನೂ ಆಗಲಿಲ್ಲ, ಗುಂಡೇ ಇರಲಿಲ್ಲ. ಆದರೂ ಏಟು ಎಲ್ಲಿಗೋ ಬೀಳಲೇಬೇಕು. ಅದು ತನ್ನ ಗೂಡಿನ ಅಂಚಿಗೇ ಬಿತ್ತು. ನಮ್ಮಲ್ಲಿ ರಿವಾಲ್ವರಿಲ್ಲದವರೂ ಈ ಅಭ್ಯಾಸವಿಲ್ಲದವರಲ್ಲ. ಮನೆಯ ಪಾಲಿನಲ್ಲಿ ಮೋಸ ಮಾಡಿದ ಅಣ್ಣನಿಗೆ, ಬಡ್ತಿ ತಪ್ಪಿಸಿದ ಮೇಲಧಿಕಾರಿಗೆ ಏನು ಹೇಳಬೇಕೆಂಬುದನ್ನು ಹಾಸಿಗೆಯ ಮೇಲೆ ಹೊರಳುತ್ತ ನೂರು ಸಲ ಹೇಳಿಕೊಳ್ಳುತ್ತೇವೆ. ಎದುರಿಗೆ ಯಾರೂ ಇಲ್ಲವಲ್ಲ, ಯಾರಿಗೇನು ನಷ್ಟ ಎಂದುಕೊಳ್ಳುತ್ತೇವೆ. ನಾನೂ ಹಾಗೆ ವರ್ಷಗಟ್ಟಲೆ ಒಬ್ಬ ಹೆಡ್ಮಾಸ್ಟರರಿಗೆ ಗುರಿಯಿಟ್ಟವನೇ. ಅವರು ತೀರಿಕೊಂಡ ಸುದ್ದಿ ಬಂದಾಗ ಒಂದು ಒಳ್ಳೆಯ ಮಾತು ಆಡಬೇಕೆಂದು ಬಾಯಿ ತೆರೆದೆ, ಬರಲಿಲ್ಲ. ಒಳಗೆ ಎಲ್ಲೋ ಅಂಚು ಜಜ್ಜಿಹೋಗಿತ್ತು. ಅದನ್ನು ಅರ ಹಿಡಿದು ಸರಿಮಾಡುವ ಪರವಾನಗಿ ಯಾರಿಗಿದೆಯೋ ಕಾಣೆ.

ರಿವಾಲ್ವರು ರಿಪೇರಿಯಾಗಿ ಬಂತು. ಮೈದಾನದಲ್ಲಿ ಮತ್ತೆ ಪರೀಕ್ಷಿಸಿದಾಗ ಎಂಟಕ್ಕೆ ಎಂಟೂ ಹಾರಿದುವು. ಷಡ್ಡಕರಿಗೆ ಸಂತೋಷವಾಯಿತೋ ಇಲ್ಲವೋ ಮುಖ ನೋಡಿ ಹೇಳಲಾಗಲಿಲ್ಲ. “ಇದನ್ನ ಇಟ್ಕೊಳ್ಳಲೋ, ತಿರುಗಿ ಕೊಟ್ಟುಬಿಡಲೋ, ನೀವೇ ಹೇಳ್ರಿ ಅಣ್ಣಾವ್ರೆ” ಎಂದರು. ರಾತ್ರಿ ಹಣ ಹಿಡಿದು ಆ ದಾರಿಯಲ್ಲಿ ಹೋಗಬೇಕಾದವರು ಅವರು. ಮನೆಯಲ್ಲಿ ಬೆಚ್ಚಗೆ ಮಲಗುವವನು ನಾನು. ನನ್ನ ಅಹಿಂಸೆಯನ್ನು ಅವರ ತಲೆಯ ಮೇಲೆ ಹೊರಿಸುವುದು ಸರಿಯಾಗಿ ತೋರಲಿಲ್ಲ, ಸುಮ್ಮನಿದ್ದೆ.

ಇತ್ತೀಚೆಗೆ ಸಿರುಗುಪ್ಪಕ್ಕೆ ಹೋಗಿದ್ದಾಗ ನೋಡಿದೆ. ರಿವಾಲ್ವರು ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ, ಕಾಡತೂಸುಗಳು ಬೇರೊಂದರಲ್ಲಿ, ಎರಡಕ್ಕೂ ಬೀಗ. ಬೀಗದ ಕೈಗಳೆಲ್ಲಿ ಎಂದು ಕೇಳಿದೆ. ದೇವರ ಮನೆಯಲ್ಲಿ, ದೀಪದ ಹಿಂದಿನ ಗೂಡಿನಲ್ಲಂತೆ. ದೇವರ ಮೇಲಿನ ಭಕ್ತಿಯಿಂದಲೋ ಎಂದು ನಕ್ಕೆ. “ಅಲ್ರಿ. ನಮ್ಮ ಮನಿಯಾಗ ಕಾಲು ತೊಳೀದೆ ದೇವರ ಮನಿ ಹೊಸ್ತಿಲು ಯಾರೂ ದಾಟಂಗಿಲ್ಲ. ಹಿತ್ತಲಿಗೆ ಹೋಗ್ಬೇಕು, 
ನೀರು ತೋಡ್ಕೋಬೇಕು, ತೊಳ್ಕೊಂಡು ಬರ್ಬೇಕು” ಎಂದರು.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹಜಾರದಿಂದ ಹಿತ್ತಲಿಗೆ, ಹಿತ್ತಲಿನಿಂದ ದೇವರ ಮನೆಗೆ, ಮೂವತ್ತು ಎಣಿಸುವಷ್ಟು ದಾರಿ ಇದ್ದೇ ಇತ್ತು.